ಡಿಫೆನ್ಸ್ ಅಂದ್ರೆ ಬರೀ ಸೈನ್ಯ ಸೇರೋದಲ್ಲ: ರಕ್ಷಣಾ ಸಂಶೋಧನೆಗೆ ದಾರಿ ಹೇಗೆ?

ಶಿವಮೊಗ್ಗ: ಮಗ ಅಥವಾ ಮಗಳು 'ಡಿಫೆನ್ಸ್ ಲೈನ್‌ಗೆ ಹೋಗ್ತೀನಿ' ಅಂದ್ರೆ ಮನೆಯವರಿಗೆ ಮೊದಲು ನೆನಪಾಗೋದು ಓಟ, ಎತ್ತರ, ಎದೆ ಅಳತೆ, ಭರ್ತಿ ರ‍್ಯಾಲಿ. ಆದರೆ ಬೂಟು ಹಾಕದೆ, ಪುಸ್ತಕ ಹಿಡಿದು ಮಾಡುವ ಡಿಫೆನ್ಸ್ ಕೆಲಸವೂ ಇದೆ. ಗಡಿಯಲ್ಲಿ ಏನು ಬದಲಾಗ್ತಿದೆ, ಪಕ್ಕದ ದೇಶ ಯಾವ ಶಸ್ತ್ರ ಕೊಳ್ಳುತ್ತಿದೆ, ನಮ್ಮ ರಕ್ಷಣಾ ಬಜೆಟ್‌ನಲ್ಲಿ ಸಂಬಳ, ಪಿಂಚಣಿಗೆ ಎಷ್ಟು, ಹೊಸ ಸಲಕರಣೆಗೆ ಎಷ್ಟು ಎಂದು ಲೆಕ್ಕ ಹಾಕಿ ಬರೆಯುವವರೇ ರಕ್ಷಣಾ ನೀತಿ ಸಂಶೋಧಕರು.

ಬರೆದರೆ ಏನಾಗುತ್ತೆ ಅಂತ ಕೇಳಬಹುದು. ಕಾರ್ಗಿಲ್ ಯುದ್ಧ ಮುಗಿದ ಮೇಲೆ, 1999ರಲ್ಲಿ, ಎಲ್ಲಿ ಎಡವಿದೆವು ಎಂದು ನೋಡಲು ಕೇಂದ್ರ ಸರ್ಕಾರ ಸಮಿತಿ ಮಾಡಿತು. ಅದರ ಅಧ್ಯಕ್ಷರಾಗಿದ್ದ ಕೆ. ಸುಬ್ರಹ್ಮಣ್ಯಂ ಸೇನಾಧಿಕಾರಿ ಅಲ್ಲ, ಐಎಎಸ್‌ನಲ್ಲಿದ್ದು ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಆ ವರದಿಯ ನಂತರ ಸಚಿವರ ಗುಂಪೊಂದು 2001ರಲ್ಲಿ ಮೂರೂ ಪಡೆಗಳಿಗೆ ಸೇರಿ ಒಬ್ಬ ಮುಖ್ಯಸ್ಥ ಬೇಕು ಎಂದಿತು. ಆ ಹುದ್ದೆಗೆ ಮೊದಲ ಅಧಿಕಾರಿ ಬಂದಿದ್ದು 2020ರಲ್ಲಿ! ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆ ದೆಹಲಿ ಸಂಸ್ಥೆ ಶುರುವಾಗಿದ್ದು 1965ರಲ್ಲಿ, ಈಗ ಅದಕ್ಕೆ ಮನೋಹರ್ ಪರಿಕ್ಕರ್ ಹೆಸರಿದೆ. ನಮ್ಮ ರಾಜ್ಯದಲ್ಲೂ ಜಾಗಗಳಿವೆ. ಬೆಂಗಳೂರಿನ ನಿಯಾಸ್‌ಗೆ ಮೊದಲ ನಿರ್ದೇಶಕರಾಗಿದ್ದವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ. ಅಲ್ಲಿ ಅಣ್ವಸ್ತ್ರ, ಕ್ಷಿಪಣಿ, ಚೀನಾ ಕುರಿತು ಸಂಶೋಧನೆ ನಡೆಯುತ್ತೆ. ಬೆಂಗಳೂರಿನದ್ದೇ ತಕ್ಷಶಿಲಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಓದುವಂಥ ಆನ್‌ಲೈನ್ ಕೋರ್ಸ್‌ಗಳಿವೆ. ಮಣಿಪಾಲದಲ್ಲಿ ಭೂರಾಜಕೀಯದ ಎಂಎ ಇದೆ, ಖಾಸಗಿ ವಿವಿ ಆದ್ದರಿಂದ ಫೀಸು ಮೊದಲೇ ವಿಚಾರಿಸಿಕೊಳ್ಳಬೇಕು. ಇನ್ನು ನಮ್ಮ ರಾಗಿಗುಡ್ಡದಲ್ಲೇ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಇದು ಕೇಂದ್ರ ಗೃಹ ಇಲಾಖೆಯದ್ದು, ಮುಖ್ಯ ಕ್ಯಾಂಪಸ್ ಗುಜರಾತ್‌ನಲ್ಲಿ. ಹತ್ತಿರ ಇದೆ ಅಂತ ಎಲ್ಲ ಕೋರ್ಸೂ ಇಲ್ಲೇ ಸಿಗುತ್ತೆ ಅಂದುಕೊಂಡು ಹೋಗಬೇಡಿ, ಆಯಾ ವರ್ಷದ ಪ್ರಕಟಣೆ ನೋಡಿ.

ದಾರಿ ಸರಳವಾಗಿ ಹೇಳೋದಾದ್ರೆ: ಪದವಿ, ಎಂಎ, ನೆಟ್ ಪರೀಕ್ಷೆ, ಪಿಎಚ್‌ಡಿ. ನೆಟ್‌ನಲ್ಲಿ 'ರಕ್ಷಣೆ ಮತ್ತು ಕಾರ್ಯತಂತ್ರ ಅಧ್ಯಯನ' ಅಂತಲೇ ಪ್ರತ್ಯೇಕ ವಿಷಯ ಇದೆ. ರಾಜ್ಯಶಾಸ್ತ್ರ ಓದಿದವರು ರಾಜ್ಯಶಾಸ್ತ್ರದಲ್ಲೇ ನೆಟ್ ಬರೆದು, ಪಿಎಚ್‌ಡಿಯಲ್ಲಿ ರಕ್ಷಣೆಯ ವಿಷಯ ತಗೊಳ್ಳೋದೂ ಉಂಟು. ಎಂಎಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಪರಿಶಿಷ್ಟರು ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ 50 ಅಂಕ ಬೇಕು. ಒಟ್ಟು 150 ಪ್ರಶ್ನೆ, 3 ಗಂಟೆ, ತಪ್ಪಿಗೆ ಅಂಕ ಕಡಿತ ಇಲ್ಲ.

ದುಡ್ಡಿನ ಮಾತು. ಜೆಆರ್‌ಎಫ್ ಸಿಕ್ಕರೆ ಮೊದಲ 2 ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಇದು 2023ರಿಂದ ಜಾರಿಯಲ್ಲಿರುವ ದರ, ಮನೆ ಬಾಡಿಗೆ ಭತ್ಯೆ ಬೇರೆ. ಕಾಯಂ ಸಹಾಯಕ ಪ್ರಾಧ್ಯಾಪಕರಾದರೆ ಯುಜಿಸಿ ಲೆಕ್ಕದಲ್ಲಿ ಮೂಲ ವೇತನವೇ 57,700 ರೂ.ನಿಂದ ಶುರು. ಆದರೆ ಕಾಯಂ ಹುದ್ದೆ ಬಹಳ ಕಮ್ಮಿ. ಸಂಶೋಧನಾ ಸಂಸ್ಥೆಗಳಲ್ಲಿ ಹೆಚ್ಚಿನವು ಒಪ್ಪಂದದ ಕೆಲಸ, ಪ್ರಾಜೆಕ್ಟ್ ಮುಗಿದ ಮೇಲೆ ಮತ್ತೆ ಹುಡುಕಾಟ. ಎಂಎಗೆ ಸೇರಿ ಪಿಎಚ್‌ಡಿ ಮುಗಿಸೋ ಹೊತ್ತಿಗೆ 6–7 ವರ್ಷ ಹೋಗುತ್ತೆ. ಅಂಗಡಿ ನಡೆಸೋ ಅಪ್ಪ-ಅಮ್ಮ ಅಷ್ಟು ದಿನ ಕಾಯಬಲ್ಲರಾ ಅನ್ನೋದನ್ನ ಅಡ್ಮಿಷನ್‌ಗೆ ಮೊದಲೇ ಕೂತು ಮಾತಾಡಿಕೊಳ್ಳೋದು ಒಳ್ಳೇದು.

ಇನ್ನೊಂದು ತೊಡಕು ಕಾಗದಪತ್ರದ್ದು. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇವತ್ತಿಗೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಹಾಗಾಗಿ ಸಂಶೋಧಕರು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ವರದಿ, ಬಜೆಟ್ ಪುಸ್ತಕ, ಉಪಗ್ರಹ ಚಿತ್ರ, ನಿವೃತ್ತ ಅಧಿಕಾರಿಗಳ ಸಂದರ್ಶನ ಇಂಥದ್ದನ್ನೇ ನೆಚ್ಚಿಕೊಂಡು ಕೆಲಸ ಮಾಡಬೇಕು.

ಕನ್ನಡ ಮಾಧ್ಯಮದವರಿಗೆ ನಿಜವಾದ ಪೆಟ್ಟು ಭಾಷೆಯಲ್ಲಿದೆ. ಈ ವಿಷಯದ ನೆಟ್ ಪ್ರಶ್ನೆಪತ್ರಿಕೆ ಬರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪಠ್ಯವೂ ಹೆಚ್ಚುಕಡಿಮೆ ಇಂಗ್ಲಿಷೇ. ಪದವಿಯ ಮೊದಲ ವರ್ಷದಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ವಿದೇಶ ಪುಟ ಓದುವ ರೂಢಿ ಮಾಡಿಕೊಂಡರೆ ಎಂಎ ಹೊತ್ತಿಗೆ ಹೆದರಿಕೆ ಕಮ್ಮಿಯಾಗುತ್ತೆ. ದೆಹಲಿ ಸಂಸ್ಥೆಯ ಎಷ್ಟೋ ಲೇಖನಗಳು ಅದರ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಮೊಬೈಲ್ ಒಂದಿದ್ದರೆ ಸಾಕು.