ಮೀನುತೊಟ್ಟಿಗೆ ಅತಿನೇರಳೆ ಕಾವಲು

ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನುಗಳನ್ನು ಸಾಕುವವರಿಗೆ ಎರಡು ಪೀಡೆಗಳು ಚಿರಪರಿಚಿತ. ಮೊದಲನೆಯದು ಹಸಿರು ನೀರು. ಒಂದೊಂದಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಕಣಗಳು ನೀರಿನಲ್ಲೆಲ್ಲ ತೇಲುತ್ತ ಬೆಳೆದು, ಕೆಲವೇ ದಿನಗಳಲ್ಲಿ ಮೀನುಗಳನ್ನೇ ಮರೆಮಾಡಿಬಿಡುತ್ತವೆ. ಎರಡನೆಯದು ಬಿಳಿಚುಕ್ಕೆ ರೋಗ. ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶಜೀವಿ ಮೀನಿನ ಚರ್ಮದೊಳಗೆ ಮನೆಮಾಡಿದಾಗ, ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಚುಕ್ಕೆಗಳೇಳುತ್ತವೆ. ಅಲಕ್ಷ್ಯ ಮಾಡಿದರೆ ತೊಟ್ಟಿಯ ಮೀನುಗಳೆಲ್ಲವೂ ಸಾಯುವುದುಂಟು. ಈ ಎರಡಕ್ಕೂ ಮದ್ದೆಂದು ಅತಿನೇರಳೆ ಕಿರಣದ ಉಪಕರಣವೊಂದನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಅದು ಮಾಡಬಲ್ಲುದೇನು, ಮಾಡಲಾರದುದೇನು? ಹಣ ಕೊಡುವ ಮೊದಲು ತಿಳಿಯಬೇಕಾದ ಈ ಪ್ರಶ್ನೆಗೆ ಭೌತವಿಜ್ಞಾನವೂ ಸ್ವಲ್ಪ ಗಣಿತವೂ ಉತ್ತರ ಹೇಳುತ್ತವೆ.

ರೋಹಿತದಲ್ಲಿ ನೇರಳೆ ಬಣ್ಣದ ಆಚೆ, ಕಣ್ಣಿಗೆ ಬರಿಯ ಕತ್ತಲೆಯೆಂದು ತೋರುವ ಎಡೆಯಲ್ಲಿಯೂ ಕಿರಣಗಳಿವೆಯೆಂದು 1801ರಲ್ಲಿ ಜರ್ಮನಿಯ ರಿಟ್ಟರ್ ಕಂಡುಕೊಂಡನು. ಅಲ್ಲಿ ಇಟ್ಟ ಸಿಲ್ವರ್ ಕ್ಲೋರೈಡು ಬೇಗನೆ ಕಪ್ಪಾದುದೇ ಅವನಿಗೆ ದೊರೆತ ಸಾಕ್ಷ್ಯ. 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬವರು ಬಿಸಿಲಿಗೆ ಬ್ಯಾಕ್ಟೀರಿಯಾಗಳನ್ನು ನಾಶಪಡಿಸುವ ಶಕ್ತಿಯಿದೆಯೆಂದು ತೋರಿಸಿದರು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಕುಡಿಯುವ ನೀರನ್ನು ಈ ಕಿರಣಗಳಿಂದ ಶುದ್ಧಿಮಾಡುವ ಪ್ರಯೋಗ ನಡೆಯಿತು. ಇಂದು ನಮ್ಮ ಅನೇಕ ಮನೆಗಳ ಅಡುಗೆಮನೆಯಲ್ಲಿರುವ ನೀರು ಶುದ್ಧೀಕರಣ ಯಂತ್ರದೊಳಗೆ ಉರಿಯುವ ದೀಪವೂ ಮೀನುತೊಟ್ಟಿಯ ದೀಪವೂ ಒಂದೇ ಜಾತಿಯವು.

ಇಂತಹ ದೀಪದಲ್ಲಿ ಕಡಿಮೆ ಒತ್ತಡದ ಪಾದರಸದ ಆವಿಯ ಮೂಲಕ ವಿದ್ಯುತ್ತು ಹರಿಯುತ್ತದೆ. ಆಗ ಹೊಮ್ಮುವ ಕಿರಣಗಳಲ್ಲಿ ಮುಖ್ಯವಾದುದರ ತರಂಗದೂರ ಸುಮಾರು 254 ನ್ಯಾನೋಮೀಟರ್. ಕೆಂಪು ಬೆಳಕಿನ ಒಂದು ಫೋಟಾನಿನಲ್ಲಿ 2 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ ಶಕ್ತಿಯಿದ್ದರೆ, ಈ ಕಿರಣದ ಫೋಟಾನಿನಲ್ಲಿ ಸುಮಾರು 4.9 ಎಲೆಕ್ಟ್ರಾನ್ ವೋಲ್ಟಿನಷ್ಟಿದೆ. ಜೀವಕೋಶದ ಡಿ.ಎನ್.ಎ. ಈ ಕಿರಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೀರಿದಾಗ ಅದರಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್ ಘಟಕಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಬೆಸುಗೆಯನ್ನು 1960ರಲ್ಲಿ ಹಾಲೆಂಡಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್ ಗುರುತಿಸಿದರು. ಬೆಸುಗೆಗಳು ಹೆಚ್ಚಾದರೆ ಡಿ.ಎನ್.ಎ. ತನ್ನ ಪ್ರತಿಯನ್ನು ತೆಗೆಯಲಾರದು. ಸೂಕ್ಷ್ಮಜೀವಿಯ ಸಂತಾನ ಅಲ್ಲಿಗೆ ನಿಲ್ಲುವುದು.

ಉಪಕರಣದ ರಚನೆ ಸರಳವಾದುದು. ದೀಪವನ್ನು ಕ್ವಾರ್ಟ್ಸ್ ಕೊಳವೆಯೊಂದರೊಳಗೆ ಇಟ್ಟಿರುತ್ತಾರೆ. ಸಾಮಾನ್ಯ ಗಾಜು ಈ ಕಿರಣವನ್ನು ತಡೆದುಬಿಡುವುದರಿಂದ ಕ್ವಾರ್ಟ್ಸೇ ಬೇಕು. ಅದರ ಸುತ್ತ ಒಂದು ಮುಚ್ಚಿದ ಹೊರಕವಚ. ಪಂಪು ತೊಟ್ಟಿಯ ನೀರನ್ನು ಈ ಎರಡರ ನಡುವೆ ಹಾಯಿಸಿ ಮರಳಿ ತೊಟ್ಟಿಗೆ ಬಿಡುತ್ತದೆ.

ಸೂಕ್ಷ್ಮಜೀವಿ ಸಾಯುವುದು ಅದಕ್ಕೆ ತಗಲುವ ಕಿರಣದ ಮೊತ್ತದಿಂದ. ಕಿರಣದ ತೀವ್ರತೆಯನ್ನು ಕಾಲದಿಂದ ಗುಣಿಸಿದರೆ ಈ ಮೊತ್ತ ಸಿಗುತ್ತದೆ. ಒಂದು ಮೊತ್ತದಿಂದ ಹತ್ತರಲ್ಲಿ ಒಂಬತ್ತು ಜೀವಿಗಳು ಸತ್ತರೆ, ಅದರ ಇಮ್ಮಡಿಯಿಂದ ನೂರರಲ್ಲಿ ಸುಮಾರು ತೊಂಬತ್ತೊಂಬತ್ತು ಸಾಯುತ್ತವೆ. ಅನೇಕ ಬ್ಯಾಕ್ಟೀರಿಯಾಗಳಿಗೆ ಚದರ ಸೆಂಟಿಮೀಟರಿಗೆ ಹತ್ತು ಹದಿನೈದು ಮಿಲಿಜೂಲ್ ಸಾಕು. ಬಿಳಿಚುಕ್ಕೆಯ ಜೀವಿ ಗಟ್ಟಿಮುಟ್ಟಾದುದು. ಅದಕ್ಕೆ 100 ಮಿಲಿಜೂಲ್ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ತೊಟ್ಟಿಯಲ್ಲಿ 100 ಲೀಟರ್ ನೀರಿದೆ. ದೀಪದ ಕೋಣೆಯಲ್ಲಿ ಅರ್ಧ ಲೀಟರ್ ಹಿಡಿಯುತ್ತದೆ. ಅಲ್ಲಿಯ ಸರಾಸರಿ ತೀವ್ರತೆ ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ಎಂದಿಟ್ಟುಕೊಳ್ಳೋಣ. ಪಂಪು ಗಂಟೆಗೆ 500 ಲೀಟರ್ ಹರಿಸಿದರೆ ನೀರು ದೀಪದ ಬಳಿ ಇರುವುದು 3.6 ಸೆಕೆಂಡು ಮಾತ್ರ. ದೊರೆಯುವ ಮೊತ್ತ 18 ಮಿಲಿಜೂಲ್. ಬ್ಯಾಕ್ಟೀರಿಯಾಗಳಿಗೆ ಇದು ಸಾಕು; ಬಿಳಿಚುಕ್ಕೆಯ ಜೀವಿಗೆ ಏನೂ ಸಾಲದು. ಹರಿವನ್ನು ಗಂಟೆಗೆ 50 ಲೀಟರಿಗೆ ಇಳಿಸಿದರೆ 36 ಸೆಕೆಂಡುಗಳ ಕಾಲ ಕಿರಣ ಬಿದ್ದು, ಮೊತ್ತ 180 ಮಿಲಿಜೂಲಿಗೆ ಏರುವುದು.

ಹಾಗಾದರೆ ಯಾವಾಗಲೂ ನಿಧಾನವಾಗಿಯೇ ಹರಿಸಬಾರದೇಕೆ ಎಂದು ಓದುಗರು ಕೇಳಬಹುದು. ತೊಡಕು ಇರುವುದು ಇಲ್ಲಿಯೇ. ದೀಪದ ಬಳಿ ಹಾದ ನೀರು ಮರಳಿ ಅದೇ ತೊಟ್ಟಿಯಲ್ಲಿ ಬೆರೆಯುತ್ತದೆ. ಆದುದರಿಂದ 100 ಲೀಟರ್ ಹರಿದ ಮಾತ್ರಕ್ಕೆ ಇಡೀ ತೊಟ್ಟಿಯ ನೀರು ದೀಪವನ್ನು ಕಂಡಂತಾಗಲಿಲ್ಲ. ಚೆನ್ನಾಗಿ ಬೆರೆಯುವ ತೊಟ್ಟಿಯಲ್ಲಿ ಆಗಲೂ ನೂರರಲ್ಲಿ 37 ಪಾಲು ನೀರು ಒಮ್ಮೆಯೂ ಹಾದಿರುವುದಿಲ್ಲ. ಮೂರು ಪಟ್ಟು ಹರಿದ ಮೇಲೆ 5 ಪಾಲು ಉಳಿಯುವುದು. ಸಾವಿರದಲ್ಲಿ ಒಂದು ಪಾಲಿಗೆ ಇಳಿಸಬೇಕಾದರೆ ಏಳು ಪಟ್ಟು ಹರಿಯಬೇಕು. ಅಷ್ಟರಲ್ಲಿ ತೊಟ್ಟಿಯಲ್ಲಿ ಉಳಿದ ಜೀವಿಗಳು ಸುಮ್ಮನಿರುವುದಿಲ್ಲ, ಇಮ್ಮಡಿಯಾಗುತ್ತಲೇ ಇರುತ್ತವೆ. ಹೀಗೆ ಇದು ಹುಟ್ಟಿಗೂ ಸಾವಿಗೂ ನಡೆಯುವ ಪಂದ್ಯ.

ತೇಲುವ ಪಾಚಿ ದಿನಕ್ಕೊಮ್ಮೆ ಇಮ್ಮಡಿಯಾಗುವುದಾದರೆ, ದೀಪದ ಬಳಿ ಗಂಟೆಗೆ 3 ಲೀಟರ್ ಹಾಯ್ದರೂ ಅದರ ಬೆಳವಣಿಗೆಗೆ ಸರಿಸಮನಾಗುವುದು. ಆದುದರಿಂದಲೇ 50 ಲೀಟರಿನ ನಿಧಾನ ಹರಿವು ಕೂಡ ಹಸಿರು ನೀರನ್ನು ಕೆಲವು ದಿನಗಳಲ್ಲಿ ತಿಳಿಯಾಗಿಸುತ್ತದೆ. ಆದರೆ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ಇದ್ದರೆ ಗಂಟೆಗೆ ಸುಮಾರು 140 ಲೀಟರಿಗಿಂತ ಹೆಚ್ಚು ಹರಿಯಬೇಕು; 50 ಲೀಟರಿನಿಂದ ಸೋಲು ಖಂಡಿತ. ಒಂದು ಶತ್ರುವಿಗೆ ವೇಗ ಬೇಕು, ಇನ್ನೊಂದಕ್ಕೆ ನಿಧಾನ ಬೇಕು.

ಬಿಳಿಚುಕ್ಕೆಯ ವಿಷಯದಲ್ಲಿ ಇನ್ನೂ ಒಂದು ಮಾತು. ಚರ್ಮದೊಳಗಿರುವಾಗ ಆ ಜೀವಿಗೆ ಕಿರಣ ಮುಟ್ಟುವುದಿಲ್ಲ. ಬಲಿತ ಮೇಲೆ ಅದು ಮೀನನ್ನು ಬಿಟ್ಟು ತೊಟ್ಟಿಯ ತಳದಲ್ಲಿ ಕೋಶಕಟ್ಟಿ ಕೂರುತ್ತದೆ, ಆಗಲೂ ಮುಟ್ಟುವುದಿಲ್ಲ. ಕೋಶ ಒಡೆದು ನೂರಾರು ಮರಿಗಳು ಹೊರಬಿದ್ದು, ಒಂದೆರಡು ದಿನಗಳೊಳಗೆ ಮೀನೊಂದನ್ನು ಸೇರಲು ಈಜಾಡುವಾಗ ಮಾತ್ರ ಅವು ಪಂಪಿನ ಸೆಳೆತಕ್ಕೆ ಸಿಕ್ಕಾವು. ಇಕ್ಕಟ್ಟಾದ ತೊಟ್ಟಿಯಲ್ಲಿ ಅನೇಕ ಮರಿಗಳಿಗೆ ದೀಪಕ್ಕಿಂತ ಮೊದಲು ಮೀನೇ ಸಿಗುತ್ತದೆ. ಆದುದರಿಂದ ದೀಪವು ರೋಗ ಹರಡುವುದನ್ನು ತಗ್ಗಿಸಬಲ್ಲುದೇ ಹೊರತು ಚಿಕಿತ್ಸೆಯಾಗಲಾರದು. ರೋಗ ಕಾಣಿಸಿದಾಗ ಔಷಧವನ್ನೇ ಹಾಕಬೇಕು. ಕಿರಣಗಳು ಕೆಲವು ಔಷಧಗಳನ್ನೂ ಒಡೆಯುವುದರಿಂದ ಆ ದಿನಗಳಲ್ಲಿ ದೀಪವನ್ನು ಆರಿಸಿಡುವುದು ಯುಕ್ತ. ಗಾಜಿಗೂ ಕಲ್ಲಿಗೂ ಅಂಟಿದ ಪಾಚಿಯನ್ನು ಸಹ ದೀಪ ಏನೂ ಮಾಡದು. ಮೀನಿನ ಮಲದಿಂದ ಬರುವ ವಿಷಕಾರಿ ಅಮೋನಿಯಾವನ್ನು ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಕೂಡ ಹೆಚ್ಚಾಗಿ ಫಿಲ್ಟರಿನ ಸ್ಪಂಜಿಗೂ ಕಲ್ಲಿಗೂ ಅಂಟಿಕೊಂಡೇ ಇರುವುದರಿಂದ ಅವು ಉಳಿಯುತ್ತವೆ; ಇದು ಸಾಕುವವರ ಪುಣ್ಯ.

ದೀಪದಿಂದ ಸೂಸುವ ನೀಲಿ ಹೊಳಪನ್ನು ಕಂಡು ಅದು ಕೆಲಸಮಾಡುತ್ತಿದೆಯೆಂದು ನಂಬಬಾರದು. ಆ ನೀಲಿ ಬೆಳಕು ಪಾದರಸದ ಬೇರೆ ರೇಖೆಗಳದು. ಕೊಲ್ಲುವ ಕಿರಣ ಕಣ್ಣಿಗೆ ಕಾಣದು. ಸತತವಾಗಿ ಉರಿದ ದೀಪದ ಅತಿನೇರಳೆ ಶಕ್ತಿ ಒಂದು ವರ್ಷದೊಳಗೆ ಬಹಳ ಇಳಿಯುವುದರಿಂದ ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಕೊಳವೆಬಾವಿಯ ಗಡಸು ನೀರಿನಿಂದ ಕ್ವಾರ್ಟ್ಸಿನ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ವಿದ್ಯುತ್ತನ್ನು ಕಡಿದು, ಕೊಳವೆಯನ್ನು ಹೊರತೆಗೆದು, ನಿಂಬೆರಸದಿಂದ ಒರೆಸಿದರೆ ಅದು ಹೋಗುವುದು. ಉರಿಯುವ ದೀಪವನ್ನು ಕವಚದಿಂದ ಹೊರತೆಗೆದು ನೋಡುವ ಸಾಹಸವನ್ನು ಯಾರೂ ಮಾಡಕೂಡದು. ಸೂಕ್ಷ್ಮಜೀವಿಯ ಡಿ.ಎನ್.ಎ.ಯನ್ನು ಕೆಡಿಸುವ ಕಿರಣ ನಮ್ಮ ಕಣ್ಣಿನ ಹೊರಪೊರೆಯನ್ನೂ ಸುಡುತ್ತದೆ; ನೋವು ಕೆಲವು ಗಂಟೆಗಳ ಅನಂತರವೇ ತಿಳಿಯುವುದು.

ಇಂತಹ ಉಪಕರಣವನ್ನು ಕೊಳ್ಳಹೋಗುವ ವಿದ್ಯಾರ್ಥಿ ಮೊದಲು ತನ್ನ ಶತ್ರು ಯಾರೆಂದು ನಿರ್ಧರಿಸಲಿ. ಬಳಿಕ ದೀಪ ಎಷ್ಟು ವಾಟಿನದು, ಗಂಟೆಗೆ ಎಷ್ಟು ಲೀಟರ್ ಹರಿಸಬೇಕು ಎಂದು ವಿಚಾರಿಸಲಿ. ಹರಿವಿನ ವೇಗವನ್ನು ಹೇಳದೆ ಎಲ್ಲ ರೋಗಗಳನ್ನೂ ಕೊಲ್ಲುವುದೆಂದು ಸಾರುವ ಪೆಟ್ಟಿಗೆಯನ್ನು ನಂಬಬೇಕಾದ ಕಾರಣವಿಲ್ಲ. ತೊಟ್ಟಿಯ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಂಡು, ಮೀನು ತಿನ್ನುವಷ್ಟೇ ಆಹಾರ ಹಾಕಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸುತ್ತ, ಹೊಸ ಮೀನನ್ನು ಕೆಲವು ವಾರ ಬೇರೆಯಾಗಿಯೇ ಇಟ್ಟರೆ, ದೀಪಕ್ಕೆ ಉಳಿಯುವ ಕೆಲಸವೂ ಅಲ್ಪವಾಗುವುದು.