ದೂರದಿಂದ ನೀಡಿದ ಕೈ

ನೆಂಟರ ಮನೆಗೆ ಹೋದವನು ಹೊರಬಾಗಿಲಲ್ಲಿ ನಿಂತು ಕರೆಯುತ್ತಾನೆ. ಒಳಗಿನವರು ಬರಹೇಳಿದ ಮೇಲೆಯೇ ಹೊಸ್ತಿಲು ದಾಟುತ್ತಾನೆ. ದೂರದಲ್ಲಿ ಕುಳಿತು ಬಂಧುಗಳ ಕಂಪ್ಯೂಟರನ್ನು ಸರಿಪಡಿಸಿಕೊಡುವ ಈ ಕಾಲದ ವಿದ್ಯೆಗೂ ಅದೇ ಮರ್ಯಾದೆ ಸಲ್ಲತಕ್ಕದ್ದು.

ಶಹಾಪುರ ತಾಲ್ಲೂಕಿನ ಗೋಗಿಯನ್ನೇ ತೆಗೆದುಕೊಳ್ಳೋಣ. ವಿಜಯಪುರದ ಆದಿಲ್‌ಶಾಹಿ ಮನೆತನದ ಮೊದಲ ಅರಸರು ಮಣ್ಣಾದ ಊರದು. ಅಲ್ಲಿನ ತರುಣನೊಬ್ಬ ಉದ್ಯೋಗಕ್ಕೆಂದು ಬೆಂಗಳೂರು ಸೇರಿದ್ದಾನೆ, ಊರಿನಲ್ಲಿರುವ ಅವನ ಕಾಕಾ ನಿವೃತ್ತ ಮಾಸ್ತರರು ಎಂದಿಟ್ಟುಕೊಳ್ಳಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಅಕ್ಷರಗಳಲ್ಲಿ ಅವರು ಬರೆದಿಟ್ಟ ಲೇಖನವು, ಆ ಅಕ್ಷರಗಳಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೋರುತ್ತದೆ. “ಏನಪಾ, ಬರದದ್ದೆಲ್ಲಾ ಹೋತೇನು?” ಎಂದು ಅವರು ಫೋನಿನಲ್ಲಿ ಕಳವಳಪಡುತ್ತಾರೆ. ಬರೆದದ್ದು ಹೋಗಿಲ್ಲ, ಯುನಿಕೋಡಿಗೆ ಪರಿವರ್ತಿಸಿದರೆ ಮರಳಿ ಕಾಣುತ್ತದೆ. ಆದರೆ ಅದನ್ನು ಬಾಯಿಮಾತಿನಲ್ಲಿ ಹೇಳಿ ಮಾಡಿಸುವುದು ಕಷ್ಟ. ಬಂದು ಮಾಡೋಣವೆಂದರೆ ಒಂದು ರಾತ್ರಿಯ ಪ್ರಯಾಣ.

ವಿಂಡೋಸ್‌ನಲ್ಲಿ 2016ರಿಂದ ಬಂದಿರುವ ‘ಕ್ವಿಕ್ ಅಸಿಸ್ಟ್’ ಇಲ್ಲಿ ನೆರವಾಗುತ್ತದೆ. ತರುಣನು ಪಡೆದು ತಿಳಿಸಿದ ಸಂಕೇತವನ್ನು ಕಾಕಾ ತಮ್ಮ ಯಂತ್ರದಲ್ಲಿ ಬರೆದು ಒಪ್ಪಿಗೆಯಿತ್ತರೆ, ಗೋಗಿಯ ಪರದೆ ಬೆಂಗಳೂರಿನಲ್ಲಿ ಮೂಡುತ್ತದೆ. ಇನ್ನೊಮ್ಮೆ ಒಪ್ಪಿದರೆ ಬೆಂಗಳೂರಿನ ಕೈ ಗೋಗಿಯಲ್ಲಿ ಕೆಲಸಮಾಡುತ್ತದೆ.

ಆದರೆ ಮನೆಯ ಮಗನಿಗೆ ತೆರೆಯುವ ಬಾಗಿಲು ಕಳ್ಳನಿಗೂ ತೆರೆದೀತು. ಇಂಥದೇ ಉಪಕರಣವಾದ ‘ಎನಿಡೆಸ್ಕ್’ ಅನ್ನು ಜನರ ಫೋನಿಗೆ ಹಾಕಿಸಿ, 9 ಅಂಕಿಗಳ ಸಂಕೇತವನ್ನು ಕೇಳಿ ಪಡೆದು, ಮೋಸಗಾರರು ಹಣ ದೋಚುವ ಬಗೆಯನ್ನು ಕುರಿತು ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಆದ್ದರಿಂದ ನೆರವು ಬೇಕಾದವರೇ ತಮಗೆ ಗೊತ್ತಿದ್ದವರನ್ನು ಕರೆಯಬೇಕು. ಬ್ಯಾಂಕಿನವನೆಂದು ತಾನಾಗಿ ಫೋನು ಮಾಡಿದವನ ಮಾತಿಗೆ ಯಾವ ಸಂಕೇತವನ್ನೂ ಕೊಡಲಾಗದು, ಬರೆಯಲೂ ಆಗದು. ಹಣ ಹೋಯಿತೆಂದು ತಿಳಿದೊಡನೆ 1930 ಸಂಖ್ಯೆಗೆ ದೂರು ಕೊಡಬೇಕು.

ನೆರವಾಗುವವನಿಗೂ ಧರ್ಮವುಂಟು. ಕರೆದ ಕೆಲಸಕ್ಕೆ ಸಂಬಂಧಿಸದ ಕಡತವನ್ನು ಅವನು ತೆರೆಯಕೂಡದು. ಮಾಡುವುದನ್ನು ಹಿರಿಯರಿಗೆ ತಿಳಿಯುವಂತೆ ಹೇಳುತ್ತ, ನಿಧಾನವಾಗಿ ಮಾಡಬೇಕು. ಅನುಕೂಲವೆಂದು ಶಾಶ್ವತ ಪ್ರವೇಶವನ್ನು ಇಟ್ಟುಕೊಳ್ಳದೆ, ಕೆಲಸ ಮುಗಿದ ಮೇಲೆ ಅವರ ಕೈಯಿಂದಲೇ ಸಂಪರ್ಕವನ್ನು ಮುಚ್ಚಿಸಬೇಕು. ಎರಡನೆಯ ಲೇಖನವನ್ನು ಕಾಕಾ ತಾವೇ ಪರಿವರ್ತಿಸಿಕೊಂಡರೆ, ಮೊದಲನೆಯದಕ್ಕೆ ನೀಡಿದ ಕೈ ಸಾರ್ಥಕವಾಯಿತು.