ಮುಳುಗಲೊಲ್ಲದ ಪುಡಿಯನ್ನು ನುಂಗಿದ ಸುಳಿ!

ಕರಗಿ ಥಳಥಳಿಸುವ ಅಲ್ಯೂಮಿನಿಯಂ ಮೇಲೆ ಒಂದು ಹಿಡಿ ಸಿಲಿಕಾನ್ ಕಾರ್ಬೈಡ್ ಪುಡಿ ಸುರಿದರೆ ಏನಾಗುತ್ತದೆ ಗೊತ್ತೇ? ಸಾಣೆಕಲ್ಲಿಗೆ ಬಳಸುವ ಗಡಸು ವಸ್ತು ಅದು, ಲೋಹಕ್ಕಿಂತ ತೂಕದ್ದು. ತಳ ಸೇರಬೇಕಲ್ಲವೇ? ಸೇರುವುದಿಲ್ಲ! ಕೆಸುವಿನೆಲೆಯ ಮೇಲಿನ ನೀರಿನಂತೆ, ಅಂಟದೆ ಮೇಲೆಯೇ ಕೂತುಬಿಡುತ್ತದೆ. ಲೋಹದ ಮೈಗೆ ಕವಿದ ತೆಳು ಆಕ್ಸೈಡ್ ಪೊರೆ ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ!

ಈ ಹಟ ಮುರಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದಾರೆ. ಎಂ.ಕೆ. ಸೂರಪ್ಪ ಮತ್ತು ಪ್ರದೀಪ್ ರೋಹಟ್ಗಿ, ಲೋಹದ ಗಡಸುತನ ಏರಿಸಬಲ್ಲ ಇಂಥ ಸೆರಾಮಿಕ್ ಕಣಗಳನ್ನು ಅಲ್ಯೂಮಿನಿಯಂಗೆ ಬೆರೆಸಿ ಎರಕ ಹೊಯ್ಯುವ ಬಗ್ಗೆ 1981ರಲ್ಲೇ ಪ್ರಬಂಧ ಪ್ರಕಟಿಸಿದರು. ಉಪಾಯದ ಸರಳತೆ ನೋಡಿ: ಪುಡಿಯನ್ನು ಮೊದಲೇ ಕಾಯಿಸಿ ತೇವ ಓಡಿಸು, ಲೋಹಕ್ಕೆ ಚೂರು ಮೆಗ್ನೀಷಿಯಂ ಹಾಕು, ಮೂಸೆಯಲ್ಲಿ ರಭಸದಿಂದ ಕಲಕಿ ಸುಳಿ ಎಬ್ಬಿಸು, ಆ ಸುಳಿಯ ಬಾಯಿಗೆ ಪುಡಿ ಬಿಡು. ಸುಳಿ ಅದನ್ನು ನುಂಗುತ್ತದೆ!

ಆದರೆ ಎಷ್ಟು ನಾಜೂಕು ಈ ಕೆಲಸ! ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಸಾಲದಿದ್ದರೆ ಲೋಹ ಅಚ್ಚಿನ ಮೂಲೆ ತುಂಬದು. ವಿಪರೀತವಾದರೆ ಪುಡಿಯನ್ನೇ ತಿಂದು ಅಲ್ಯೂಮಿನಿಯಂ ಕಾರ್ಬೈಡ್ ಆಗುತ್ತದೆ. ಅದೋ, ತೇವ ತಾಗಿದರೆ ಶಿಥಿಲವಾಗುವ ಪೆಡಸು ವಸ್ತು. ಮಿಶ್ರಲೋಹದಲ್ಲಿ ಸಾಕಷ್ಟು ಸಿಲಿಕಾನ್ ಇದ್ದರೆ ಅದೇ ಈ ಕೇಡಿಗೆ ತಡೆ! ನಿಧಾನ ಕಲಕಿದರೆ ಪುಡಿ ಗಂಟುಗಟ್ಟುತ್ತದೆ, ವೇಗ ಮೀರಿದರೆ ಸುಳಿ ಗಾಳಿಯನ್ನೂ ಎಳೆದುಕೊಂಡು ಎರಕದ ತುಂಬ ತೂತು.

ಹಾಗಾದರೆ ಹದ ಹುಡುಕುವುದು ಹೇಗೆ? ಉಷ್ಣತೆ, ವೇಗ, ಕಲಕುವ ಹೊತ್ತು, ಪುಡಿಯ ಪ್ರಮಾಣ: ನಾಲ್ಕು ಅಂಶ, ಒಂದೊಂದಕ್ಕೆ ಮೂರು ಮಟ್ಟ. ಎಲ್ಲ ಜೋಡಣೆ ಪರೀಕ್ಷಿಸಲು 81 ಎರಕ ಬೇಕು. ಜಪಾನಿನ ಗೆನಿಚಿ ಟಗುಚಿ ಪ್ರಚುರಪಡಿಸಿದ ಕೋಷ್ಟಕ ಹಿಡಿದರೆ ಒಂಬತ್ತೇ ಸಾಕು! ಯಾವ ಎರಡು ಅಂಶ ತೆಗೆದುಕೊಂಡರೂ ಅವುಗಳ ಮಟ್ಟಗಳ ಒಂಬತ್ತೂ ಜೋಡಿ ಅದರಲ್ಲಿ ತಲಾ ಒಮ್ಮೆ ಬಂದೇ ಬರುತ್ತವೆ. ಅಂಶಗಳು ಪರಸ್ಪರ ತೊಡರಿಕೊಳ್ಳದಿದ್ದರೆ, ಗಡಸುತನವನ್ನು ಯಾವುದು ಎಷ್ಟು ಏರಿಸಿತೆಂದು ಸರಾಸರಿಗಳೇ ಹೇಳುತ್ತವೆ. ಆ ಲೆಕ್ಕ ತೋರಿದ ಹದದಲ್ಲಿ ಇನ್ನೊಂದು ಎರಕ ಹೊಯ್ದು ನೋಡಿದರೆ ನಿಜ ತಿಳಿಯುತ್ತದೆ.

ಇಂಥದೇ ಬಲವರ್ಧಿತ ಅಲ್ಯೂಮಿನಿಯಂ 1980ರ ದಶಕದಲ್ಲಿ ಟೊಯೊಟಾ ಡೀಸೆಲ್ ಎಂಜಿನ್ನಿನ ಪಿಸ್ಟನ್ ಸೇರಿತು, 1996ರಲ್ಲಿ ಲೋಟಸ್ ಎಲೀಸ್ ಕಾರಿನ ಬ್ರೇಕ್ ಡಿಸ್ಕ್ ಆಯಿತು. ಸುಳಿಯ ವಿಧಾನಕ್ಕೆ ಬೇಕಾದದ್ದು ಕುಲುಮೆ, ಮೂಸೆ, ಕಲಕುವ ಯಂತ್ರ, ಜೊತೆಗೊಂದು ಪುಟದ ಕೋಷ್ಟಕ, ಇಷ್ಟೇ! ಬೆಳಗಾವಿಯಂಥ ಎರಕದ ಊರುಗಳ ಕೈಗೆ ಎಟುಕುವ ವಿಜ್ಞಾನವಿದು!